ಕರಿನೀರಿನ ಊರಿನಲ್ಲಿ ನಮ್ಮ ಸಂಸಾರ

“ಅಂಡಮಾನಿಗೆ ಹಾಕಿದ್ದಾರೆ ಕಣೇ” ಎಂದು ನಮ್ಮವರು ಫೋನಿನಲ್ಲಿ ಹೇಳಿದಾಗ ನಾನು ಅರಸೀಕೆರೆಯ ಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. 2012ರ ಮಾರ್ಚ್ ತಿಂಗಳು. ಸಾಸಿವೆ ಸೀದೇ ಹೋಯಿತು. ನಡುಮನೆಯಲ್ಲಿ ಬತ್ತಿ ಹೊಸೆಯುತ್ತಾ ಕುಳಿತಿದ್ದ ನಮ್ಮತ್ತೆಗೆ ವಿಷಯ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದ್ದು ಒಂದೇ ಮಾತು: “ಅಲ್ಲಿಗ್ಯಾಕವ್ವಾ? ನನ್ನ ಮಗ ಏನು ತಪ್ಪು ಮಾಡಿದ್ದ?”

ನಗು ಬಂದರೂ ನಗಲಿಲ್ಲ. ಅವರ ಕಾಲದವರಿಗೆ ಅಂಡಮಾನ್ ಎಂದರೆ ಕರಿನೀರು. ಖೂನಿ ಮಾಡಿದವರನ್ನೂ, ಬ್ರಿಟಿಷರ ವಿರುದ್ಧ ಎದ್ದವರನ್ನೂ ಹಡಗಿಗೆ ಹತ್ತಿಸಿ ಕಳಿಸುತ್ತಿದ್ದ ಜಾಗ. ಹೋದವರು ಬರುವುದಿಲ್ಲ ಎಂಬ ಮಾತು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬುದೂ ಹಳಬರ ಬಾಯಲ್ಲಿ ಇನ್ನೂ ಇತ್ತು.

ನಮ್ಮವರು ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಪಡೆಯವರು. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ಅದರ ಕೇಂದ್ರವಿದೆಯಲ್ಲ, ಅಲ್ಲಿಯೇ ಅವರ ತರಬೇತಿ ಆದದ್ದು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಯುದ್ಧ ಬಂದರೆ ಮುಂದೆ ಹೋಗಿ ದಾರಿ ಬಿಡಿಸುವುದು ಇವರ ಕೆಲಸ. ಮದುವೆಯಾದ ಹನ್ನೆರಡು ವರ್ಷಗಳಲ್ಲಿ ನಾನು ಅವರೊಂದಿಗೆ ಸಂಸಾರ ಮಾಡಿದ್ದು ಎಲ್ಲಾ ಸೇರಿ ನಾಲ್ಕು ವರ್ಷ ಇದ್ದರೆ ಹೆಚ್ಚು. ಗಡಿಯ ಕಡೆ ಹಾಕಿದಾಗ ಕುಟುಂಬ ಕರೆದುಕೊಂಡು ಹೋಗುವ ಹಾಗಿಲ್ಲ. ಈ ಅಂಡಮಾನು ಹಾಗಲ್ಲ, ಹೆಂಡತಿ ಮಕ್ಕಳನ್ನು ಕರೆದೊಯ್ಯಬಹುದು, ಕ್ವಾರ್ಟರ್ಸ್ ಕೊಡುತ್ತಾರೆ. ಮಗಳಿಗೆ ಒಂಬತ್ತು, ಮಗನಿಗೆ ಐದು. ಅಪ್ಪನನ್ನು ‘ರಜಾ ಮಾಮ’ ಅನ್ನುವ ಹಾಗೆ ನೋಡುತ್ತಿದ್ದ ಮಗ. ಹೋಗಲೇಬೇಕು ಅಂತ ನನ್ನ ಮನಸ್ಸು. ಆದರೆ ಅತ್ತೆ? ಮಾವನವರು ತೀರಿಕೊಂಡು ಆರು ವರ್ಷವಾಗಿತ್ತು. ಇರುವವನು ಒಬ್ಬನೇ ಮಗ. ನಾದಿನಿ ಕಡೂರಿನಲ್ಲಿ. ಮನೆಯ ಹಿಂದೆ ನಲವತ್ತು ತೆಂಗಿನ ಮರ, ಒಂದು ಎಮ್ಮೆ, ಇಷ್ಟು ಬಿಟ್ಟು ಅವರು ಎಲ್ಲಿಗೂ ಬರುವವರಲ್ಲ.

ಹೊರಡುವ ಮೊದಲು ಬೇಲೂರಿಗೆ ಹೋಗಿ ಬರಲೇಬೇಕು ಎಂದರು. ಅವರ ತವರು ಬೇಲೂರಿನ ಕಡೆ. ಚೆನ್ನಿಗರಾಯನಿಗೆ ಹೇಳದೆ ಮಗುವಿಗೆ ಕಿವಿ ಚುಚ್ಚಿಸಿದವರಲ್ಲ ಅವರು, ಇನ್ನು ಸಮುದ್ರ ದಾಟುವುದಕ್ಕೆ ಬಿಡುತ್ತಾರೆಯೇ? ರಜಕ್ಕೆ ಬಂದಿದ್ದ ನಮ್ಮವರನ್ನೂ ಸೇರಿಸಿ ಐದೂ ಜನ ಬೆಳಗಿನ ಬಸ್ಸಿಗೆ ಹೊರಟೆವು. ಜಾವಗಲ್ ದಾಟಿ ಹಳೇಬೀಡು, ಅಲ್ಲಿಂದ ಹದಿನಾರು ಕಿಲೋಮೀಟರ್ ಬೇಲೂರು. ದೇವಸ್ಥಾನದಲ್ಲಿ ಮಂಗಳಾರತಿ ಆಗುವಾಗ ಅತ್ತೆ ಕಣ್ಣು ಮುಚ್ಚಿ ಏನೋ ಹರಕೆ ಕಟ್ಟಿಕೊಂಡರು. ಏನೆಂದು ಕೇಳಿದರೆ, “ನೀವು ನೆಟ್ಟಗೆ ವಾಪಸು ಬನ್ನಿ, ಆಮೇಲೆ ಹೇಳ್ತೀನಿ” ಎಂದರು.

ಮೇ ತಿಂಗಳಲ್ಲಿ ಚೆನ್ನೈನಿಂದ ಹಡಗು ಹತ್ತಿದೆವು. ವಿಮಾನದಲ್ಲಿ ಹೋಗಬಹುದಿತ್ತು. ಆದರೆ ನಮ್ಮ ಜೊತೆ ಇದ್ದ ಸಾಮಾನು ನೋಡಿದ್ದರೆ ನೀವೂ ಹಡಗೇ ಸರಿ ಅನ್ನುತ್ತಿದ್ದಿರಿ. ಇಪ್ಪತ್ತು ಕೆ.ಜಿ. ರಾಗಿ ಹಿಟ್ಟು, ಹುರುಳಿ, ಸಾರಿನ ಪುಡಿ, ಒರಳುಕಲ್ಲೊಂದು ಬಿಟ್ಟು ಉಳಿದದ್ದೆಲ್ಲ! ಚೆನ್ನೈನಿಂದ ಪೋರ್ಟ್ ಬ್ಲೇರಿಗೆ ಸುಮಾರು 1,200 ಕಿಲೋಮೀಟರ್, ಮೂರು ದಿನದ ಪ್ರಯಾಣ. (2024ರಲ್ಲಿ ಊರಿನ ಹೆಸರನ್ನು ಶ್ರೀ ವಿಜಯ ಪುರಂ ಎಂದು ಬದಲಾಯಿಸಿದ್ದಾರೆ. ನಾವಿದ್ದಾಗ ಪೋರ್ಟ್ ಬ್ಲೇರೇ, ಹಾಗಾಗಿ ಹಾಗೆಯೇ ಬರೆಯುತ್ತೇನೆ.) ಮೊದಲ ದಿನ ಮಕ್ಕಳಿಗೆ ಖುಷಿಯೋ ಖುಷಿ. ಎರಡನೆಯ ದಿನ ಗಾಳಿ ಎದ್ದಿತು ನೋಡಿ, ನಾನು ಮಲಗಿದವಳು ಏಳಲಿಲ್ಲ. ತಲೆ ಎತ್ತಿದರೆ ವಾಂತಿ. ಅತ್ತೆ ಕಟ್ಟಿಕೊಟ್ಟಿದ್ದ ನಿಂಬೆಕಾಯಿ ಉಪ್ಪಿನಕಾಯಿಯ ಹೋಳನ್ನು ನಾಲಿಗೆ ಕೆಳಗಿಟ್ಟುಕೊಂಡು ಜೀವ ಹಿಡಿದಿದ್ದೆ. ಹಡಗಿನಲ್ಲಿ ಹೋಗುವವರು ಒಂದು ಸಣ್ಣ ಬಾಟಲಿ ಉಪ್ಪಿನಕಾಯಿ, ಒಂದಿಷ್ಟು ಒಣಶುಂಠಿ ಮರೆಯಬೇಡಿ. ಹೊಟ್ಟೆ ಖಾಲಿ ಬಿಡಲೂಬೇಡಿ, ಖಾಲಿ ಹೊಟ್ಟೆಗೇ ಹೆಚ್ಚು ತೊಳಸುತ್ತದೆ.

ಮೂರನೆಯ ದಿನ ಮಗ ಬಂದು ಎಬ್ಬಿಸಿದ. ಕಿಟಕಿಯ ಗಾಜಿನಾಚೆ ಹಸಿರು ಗುಡ್ಡ. ಗುಡ್ಡದ ತುಂಬ, ನೀರಿನ ಅಂಚಿನವರೆಗೂ, ತೆಂಗಿನ ಮರ! ನನಗೆ ಅಳುವೇ ಬಂತು. ಅರಸೀಕೆರೆ ಬಿಟ್ಟು ಇಷ್ಟು ದೂರ ಬಂದು ತೆಂಗಿನ ಮರವನ್ನೇ ನೋಡಬೇಕೇ ಅಂತಲೋ, ಸದ್ಯ ತೆಂಗಿನ ಮರವಾದರೂ ಇದೆಯಲ್ಲ ಅಂತಲೋ, ಈಗ ನೆನಪಿಲ್ಲ.

ನಮ್ಮ ಕ್ವಾರ್ಟರ್ಸ್ ಇದ್ದದ್ದು ಬ್ರಿಚ್‌ಗಂಜ್‌ನಲ್ಲಿ, ಊರಿನಿಂದ ಸ್ವಲ್ಪ ಹೊರಗೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಪರಂಗಿ ಗಿಡ, ಬಾಳೆ. ಮೇಲಿನ ಮನೆಯಲ್ಲಿ ಪಂಜಾಬಿನ ಗುರುದಾಸಪುರದಾಕೆ, ಎದುರು ಮನೆಯಲ್ಲಿ ಬಂಗಾಳದ ಮೇದಿನಿಪುರದವರು, ಪಕ್ಕದಲ್ಲಿ ತಮಿಳರು. ನನಗೆ ಬರುತ್ತಿದ್ದ ಹಿಂದಿ ಎಂದರೆ ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗುವಷ್ಟು. ಮೊದಲ ತಿಂಗಳು ಗುರುದಾಸಪುರದಾಕೆಗೆ “ನನ್ನ ಗಂಡ ಬಂದಿದ್ದಾಳೆ” ಎಂಬಂತೆಲ್ಲ ಹಿಂದಿ ಮಾತಾಡಿ ನಗಿಸಿದ್ದೇನೆ. ಆಕೆಯೂ ಕಡಿಮೆಯಲ್ಲ, ನಮ್ಮ ರಾಗಿಮುದ್ದೆಯನ್ನು ಚಪಾತಿಯಂತೆ ಅಗಿದು ಅಗಿದು ಹಲ್ಲಿಗೆಲ್ಲ ಮೆತ್ತಿಸಿಕೊಂಡು, “ಬೆಹೆನ್, ಇದನ್ನು ತಿನ್ನುವುದೋ ಗೋಡೆಗೆ ಬಳಿಯುವುದೋ” ಎಂದು ಕೇಳಿದವಳು.

ಅಲ್ಲಿನ ದಿನಚರಿಗೆ ಹೊಂದಿಕೊಳ್ಳುವುದೇ ಒಂದು ಪಾಠ. ಮೊದಲನೆಯದು ಹೊತ್ತು. ಇಡೀ ದೇಶಕ್ಕೆ ಒಂದೇ ಗಡಿಯಾರ, ಆದರೆ ಸೂರ್ಯ ಒಂದೇ ಅಲ್ಲವಲ್ಲ! ದ್ವೀಪ ಅಷ್ಟು ಪೂರ್ವಕ್ಕಿರುವುದರಿಂದ ಅರಸೀಕೆರೆಗಿಂತ ಒಂದು ಗಂಟೆ ಮೊದಲೇ ಬೆಳಗು, ಒಂದು ಗಂಟೆ ಮೊದಲೇ ಕತ್ತಲು. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ದೀಪ ಹಚ್ಚಬೇಕು. ಮಕ್ಕಳು ಶಾಲೆಯಿಂದ ಬಂದು ಹಾಲು ಕುಡಿಯುವಷ್ಟರಲ್ಲಿ ಆಟಕ್ಕೆ ಬೆಳಕೇ ಇರುತ್ತಿರಲಿಲ್ಲ. ಎರಡನೆಯದು ಮಳೆ. ಮೇ ತಿಂಗಳಲ್ಲಿ ಹಿಡಿದರೆ ಡಿಸೆಂಬರಿನವರೆಗೂ ಬಿಟ್ಟು ಬಿಟ್ಟು ಸುರಿಯುತ್ತದೆ, ವರ್ಷಕ್ಕೆ ಸುಮಾರು 3,000 ಮಿಲಿಮೀಟರ್. ನಮ್ಮ ಕಡೆ ಕೆರೆ ತುಂಬಿದರೆ ಬಾಗಿನ ಬಿಡುವವರು ನಾವು, ಇಲ್ಲಿ ಬಟ್ಟೆ ಒಣಗಿದರೆ ಬಾಗಿನ ಬಿಡಬೇಕು ಅನ್ನಿಸುತ್ತಿತ್ತು. ಹಾಗಂತ ನೀರು ಧಾರಾಳವೇ? ಅದೂ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ನಲ್ಲಿಯ ನೀರು ದಿನ ಬಿಟ್ಟು ದಿನ. ಡ್ರಮ್ಮು, ಕೊಡ, ಕುಕ್ಕರು, ಎಲ್ಲದರಲ್ಲೂ ಹಿಡಿದಿಡುವುದು. ಸುತ್ತ ಸಮುದ್ರ, ಮಧ್ಯೆ ನಾವು ಬಿಂದಿಗೆ ಹಿಡಿದುಕೊಂಡು ಸಾಲಿನಲ್ಲಿ.

ತರಕಾರಿಯ ಕಥೆ ಇನ್ನೊಂದು. ಬೇಳೆ, ಎಣ್ಣೆ, ಸಾಬೂನು ಕ್ಯಾಂಟೀನಿನಲ್ಲಿ ಸಿಗುತ್ತಿತ್ತು. ಈರುಳ್ಳಿ, ಆಲೂಗೆಡ್ಡೆ ಬರಬೇಕಾದದ್ದು ಹಡಗಿನಲ್ಲಿ. ಹಡಗು ನಾಲ್ಕು ದಿನ ತಡವಾದರೆ ಅಬರ್ಡೀನ್ ಬಜಾರಿನಲ್ಲಿ ಟೊಮೇಟೊ ಬೆಲೆ ಕೇಳುವುದಕ್ಕೂ ಹೆದರಿಕೆ. ಮೀನು ತಿನ್ನುವವರಿಗೆ ಚಿಂತೆಯಿಲ್ಲ. ನಮಗೆ ಕೈ ಹಿಡಿದದ್ದು ಹಿತ್ತಿಲ ಪರಂಗಿ. ಅದರ ಹುಳಿಯನ್ನು ಗುರುದಾಸಪುರದಾಕೆಯೂ ಕಲಿತುಬಿಟ್ಟಳು. ನಿಮಗೂ ಹೇಳುತ್ತೇನೆ. ಹಣ್ಣಾಗದ, ಬೀಜ ಇನ್ನೂ ಬೆಳ್ಳಗಿರುವ ಮಧ್ಯಮ ಗಾತ್ರದ ಪರಂಗಿಕಾಯಿ ತೆಗೆದುಕೊಂಡು ಸಿಪ್ಪೆ ಹೆರೆದು, ಹಾಲು ಹೋಗುವಂತೆ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಹಾಕಿಡಿ. ಅರ್ಧ ಪಾವು ತೊಗರಿಬೇಳೆ ಬೇರೆ ಬೇಯಿಸಿ. ಐದು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿಬೀಜ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಂತ್ಯ ಹುರಿದು, ಅರ್ಧ ಬಟ್ಟಲು ತೆಂಗಿನತುರಿ, ಗೋಲಿ ಗಾತ್ರದ ಹುಣಸೆಹಣ್ಣಿನ ಜೊತೆ ನುಣ್ಣಗೆ ರುಬ್ಬಿ. ಹೋಳನ್ನು ಅರಿಸಿನ ಹಾಕಿ ತೆರೆದ ಪಾತ್ರೆಯಲ್ಲೇ ಬೇಯಿಸಬೇಕು, ಕುಕ್ಕರಿಗೆ ಹಾಕಿದರೆ ಕರಗಿ ಗಂಜಿಯಾಗುತ್ತದೆ. ಬೇಳೆ, ಮಸಾಲೆ, ಉಪ್ಪು, ಚೂರು ಬೆಲ್ಲ ಸೇರಿಸಿ ಎರಡು ಕುದಿ ಬರಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಬಸುರಿಯರಿಗೆ ಮಾತ್ರ ಬಡಿಸಬೇಡಿ, ಹಿರಿಯರು ಬೇಡವೆನ್ನುತ್ತಾರೆ.

ಇನ್ನು ನಮ್ಮತ್ತೆಯ ಪಾರ್ಸೆಲ್. ಎರಡು ಮೂರು ತಿಂಗಳಿಗೊಮ್ಮೆ ರಜದಿಂದ ಮರಳುವ ಯಾರ ಕೈಯಲ್ಲಾದರೂ ಒಂದು ಗಂಟು ಬರುತ್ತಿತ್ತು. ಬಿಚ್ಚಿದರೆ ಚಟ್ನಿಪುಡಿ, ಹಪ್ಪಳ, ಮತ್ತೆ ಉಂಡೆ ಕೊಬ್ಬರಿ! ತೆಂಗಿನ ಕಾಡಿಗೆ ಕೊಬ್ಬರಿ ಕಳಿಸುವುದೇ ಎಂದು ನಮ್ಮವರು ನಗುತ್ತಿದ್ದರು. ಆದರೆ ಅರಸೀಕೆರೆ, ತಿಪಟೂರಿನ ಉಂಡೆ ಕೊಬ್ಬರಿಯ ರುಚಿಯೇ ಬೇರೆ ಅಲ್ಲವೇ? ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ, ಕೆಳಗಿನ ಒಲೆಯ ಬಿಸಿ ತಾಗುತ್ತಾ, ಒಳಗಿನ ನೀರು ತಾನಾಗಿ ಇಂಗುವವರೆಗೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಅಲ್ಲಾಡಿಸಿದರೆ ಒಳಗೆ ಗಟ್ಟಿ ಉಂಡೆ ಗಡಗಡ ಸದ್ದು ಮಾಡಬೇಕು. ಅಷ್ಟು ಕಾದು ಮಾಡಿದ ಕೊಬ್ಬರಿಗೆ ಅಂಡಮಾನಿನ ಹವೆಯಲ್ಲಿ ಹದಿನೈದೇ ದಿನಕ್ಕೆ ಹಸಿರು ಬೂಷ್ಟು. ಅತ್ತೆಗೆ ಹೇಳಲು ಮನಸ್ಸಾಗುತ್ತಿರಲಿಲ್ಲ. “ಕೊಬ್ಬರಿ ಹೆಂಗಿತ್ತವ್ವಾ?” ಎಂದು ಕೇಳಿದರೆ, “ಸಕ್ಕರೆ ಅತ್ತೆ” ಎನ್ನುತ್ತಿದ್ದೆ. ಈ ಸುಳ್ಳನ್ನು ನೆನಪಿಟ್ಟುಕೊಳ್ಳಿ.

ಭಾನುವಾರಗಳಲ್ಲಿ ತಿರುಗಾಟ. ತಿಂಗಳಿಗೊಮ್ಮೆ ಯೂನಿಟ್ಟಿನ ಟ್ರಕ್ಕಿನಲ್ಲೇ ಎಲ್ಲಾ ಕುಟುಂಬಗಳನ್ನೂ ಕರೆದುಕೊಂಡು ಹೋಗುತ್ತಿದ್ದರು. ಹೆಂಗಸರು ಮಕ್ಕಳು ಹಿಂದೆ ಬೆಂಚಿನ ಮೇಲೆ, ಮಧ್ಯೆ ಪೂರಿ ಪಲ್ಯದ ಡಬ್ಬಗಳು, ಅಂತ್ಯಾಕ್ಷರಿ. ಕಾರ್ಬಿನ್ಸ್ ಕೋವ್ ಎಂಬ ಕಡಲತೀರ ನಮಗೆ ಹತ್ತಿರ, ತೆಂಗಿನ ಮರದ ಸಾಲಿನ ಕೆಳಗೆ ಮರಳು. ದಾರಿಯಲ್ಲಿ ಸಿಪ್ಪಿಘಾಟ್ ಕಡೆ ಹೋದರೆ ಉಪ್ಪುನೀರಿನಲ್ಲಿ ನಿಂತ ಒಣಮರಗಳು ಕಾಣುತ್ತಿದ್ದವು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಭೂಮಿಯೇ ಕುಸಿದು ಗದ್ದೆಗಳಿಗೆ ಸಮುದ್ರ ನುಗ್ಗಿ ಹಾಗೇ ಉಳಿದಿತ್ತು. ನಮ್ಮ ತಮಿಳು ನೆರೆಯಾಕೆ ಅದನ್ನು ನೋಡಿದಾಗಲೆಲ್ಲ ಮಕ್ಕಳ ಕೈ ಹಿಡಿದುಕೊಳ್ಳುತ್ತಿದ್ದಳು. ಆಕೆಯ ಗಂಡ ಹಿಂದೆ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಕಾಂಗೋ ದೇಶಕ್ಕೆ ಹೋಗಿದ್ದವರು. ಅಲ್ಲಿಗೆ ಹೆಂಡತಿ ಮಕ್ಕಳಿಗೆ ಪ್ರವೇಶವಿಲ್ಲ. “ನಿಮ್ಮದು ಪರದೇಶವಲ್ಲ, ಪಕ್ಕದ ಮನೆ” ಎಂದು ನನ್ನನ್ನು ಸಮಾಧಾನ ಮಾಡುತ್ತಿದ್ದಳು.

ರಾಸ್ ದ್ವೀಪಕ್ಕೆ ದೋಣಿಯಲ್ಲಿ ಕಾಲು ಗಂಟೆಯ ದಾರಿ. 2018ರಿಂದ ಅದರ ಹೆಸರು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಬ್ರಿಟಿಷರು ಅಲ್ಲಿಂದಲೇ ಇಡೀ ಅಂಡಮಾನನ್ನು ಆಳುತ್ತಿದ್ದದ್ದು. ಚರ್ಚು, ನೃತ್ಯಶಾಲೆ, ಬೇಕರಿ ಎಲ್ಲಾ ಇತ್ತಂತೆ. 1941ರಲ್ಲಿ ಭೂಕಂಪ, ಮರುವರ್ಷ ಜಪಾನಿಯರು ಬಂದರು. ಈಗ ಗೋಡೆಗಳನ್ನು ಆಲದ ಜಾತಿಯ ಮರದ ಬೇರುಗಳು ಹಿಡಿದುಕೊಂಡು ನಿಂತಿವೆ, ನಡುವೆ ಜಿಂಕೆಗಳು ಓಡಾಡುತ್ತವೆ. ನನ್ನ ಮಗ ಸುತ್ತ ನೋಡಿ, “ಅಮ್ಮ, ಇದು ಇಂಗ್ಲಿಷರ ಹಳೇಬೀಡು” ಎಂದ. ಐದು ವರ್ಷದ ಹುಡುಗ! ನಮ್ಮವರು ಹೇಳಿದರು: “ಸರಿಯಾಗೇ ಹೇಳಿದ. ಬೀಡು ಅಂದರೆ ದಂಡು ಇಳಿದುಕೊಳ್ಳೋ ಜಾಗ. ನಮ್ಮ ಬ್ರಿಚ್‌ಗಂಜೂ ಬೀಡೇ.” ಹೌದಲ್ಲ! ಹಾಸನದ ಜಿಲ್ಲೆಯಲ್ಲೇ ಹುಟ್ಟಿ ಬೆಳೆದು, ನೂರು ಸಲ ಹಳೇಬೀಡು ಎಂದು ಬಾಯಲ್ಲಿ ಅಂದರೂ ನನಗೆ ಹೊಳೆದಿರಲಿಲ್ಲ.

2013ರ ಆಗಸ್ಟಿನ ಒಂದು ಮಂಗಳವಾರ ಮಧ್ಯಾಹ್ನ ನಾದಿನಿಯ ಫೋನು ಬಂತು. ಅತ್ತೆ ಅಟ್ಟದ ಏಣಿಯಿಂದ ಬಿದ್ದಿದ್ದಾರೆ, ಸೊಂಟದ ಮೂಳೆ ಮುರಿದಿದೆ, ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆ. ಅಟ್ಟಕ್ಕೆ ಯಾಕೆ ಹತ್ತಿದರು? ರಜ ಮುಗಿಸಿ ಹೊರಟಿದ್ದ ಹುಡುಗನೊಬ್ಬನ ಕೈಯಲ್ಲಿ ನಮಗೆ ಕಳಿಸಲು ಒಳ್ಳೆಯ ಕೊಬ್ಬರಿ ಆರಿಸುವುದಕ್ಕೆ.

ನಾನು ಗೋಡೆಗೆ ಒರಗಿ ಕುಳಿತುಬಿಟ್ಟೆ. ಬೂಷ್ಟು ಹಿಡಿದದ್ದನ್ನು ಒಮ್ಮೆ ಬಾಯಿಬಿಟ್ಟು ಹೇಳಿದ್ದರೆ ಅವರು ಏಣಿ ಹತ್ತುತ್ತಲೇ ಇರಲಿಲ್ಲ.

ಆ ದಿನದ ವಿಮಾನಗಳು ಹೊರಟುಹೋಗಿದ್ದವು. ಮಾರನೆಯ ದಿನದ ಟಿಕೆಟ್ಟಿಗೆ ಕೈಯಲ್ಲಿ ಅಷ್ಟು ಹಣವಿರಲಿಲ್ಲ, ತಿಂಗಳ ಕೊನೆ. ಕೇಳುವ ಮೊದಲೇ ಗುರುದಾಸಪುರದಾಕೆ ಅಕ್ಕಿ ಡಬ್ಬದಿಂದ ನೋಟಿನ ಕಟ್ಟು ತಂದು ನನ್ನ ಸೆರಗಿಗೆ ಕಟ್ಟಿದಳು. ಮಗಳಿಗೆ ಶಾಲೆ, ಪರೀಕ್ಷೆ. “ಬಿಟ್ಟು ಹೋಗು, ನನಗೆ ಮೂರಿದ್ದಾರೆ, ಇವಳು ನಾಲ್ಕನೆಯವಳು” ಎಂದಳು. ಮಗನನ್ನು ಕರೆದುಕೊಂಡು ಇಬ್ಬರೂ ಹೊರಟೆವು. ಚೆನ್ನೈ, ಅಲ್ಲಿಂದ ರೈಲಿನಲ್ಲಿ ಬೆಂಗಳೂರು, ಮತ್ತೆ ಅರಸೀಕೆರೆ ಜಂಕ್ಷನ್, ಹಾಸನ. ಗುರುವಾರ ಬೆಳಿಗ್ಗೆ ಆಸ್ಪತ್ರೆ ಮುಟ್ಟಿದಾಗ ಬಂಧುಗಳೊಬ್ಬರು ನನಗೆ ಕೇಳಿಸುವಂತೆಯೇ ಅಂದರು: “ಬಂದ್ಲು ನೋಡಿ, ಸಮುದ್ರ ನೋಡಿ ಸಾಕಾಯ್ತೇನೋ.” ಅತ್ತೆ ಮಾತ್ರ ಕಣ್ಣು ಬಿಟ್ಟು, ಮೊಮ್ಮಗನ ತಲೆ ಸವರಿ, “ಕೊಬ್ಬರಿ ಆರಿಸಿಟ್ಟಿದ್ದೆ ಕಣವ್ವಾ, ಕೆಳಗೆ ಬಿದ್ದವು” ಎಂದರು.

ಇಲ್ಲಿ ಒಂದು ಮಾತು, ಸೈನಿಕರ ಮನೆಯ ಸೋದರಿಯರಿಗೆ. ಅತ್ತೆ ಮಾವ ನಿಮ್ಮ ಯಜಮಾನರನ್ನೇ ನಂಬಿರುವವರಾದರೆ ಅವರ ಹೆಸರು ಅವಲಂಬಿತರೆಂದು ದಾಖಲೆಯಲ್ಲಿ ಸೇರಿದೆಯೇ, ಕಾರ್ಡು ಆಗಿದೆಯೇ, ಇವತ್ತೇ ಕೇಳಿ. ಸೇರಿದ್ದರೆ ಮಿಲಿಟರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹಕ್ಕಿರುತ್ತದೆ. ನಾವು ‘ಮುಂದಿನ ರಜದಲ್ಲಿ ಫೋಟೋ ತೆಗೆಸಿದರಾಯಿತು’ ಎಂದು ಮೂರು ರಜ ಕಳೆದಿದ್ದೆವು. ತಪ್ಪು ನಮ್ಮದೇ. ಆಪರೇಷನ್ನಿನ ಖರ್ಚು ಕೈಯಿಂದಲೇ ಹೋಯಿತು, ಎಮ್ಮೆಯೂ ಹೋಯಿತು.

ಇಪ್ಪತ್ತು ದಿನ ಕಳೆದು ನಮ್ಮವರು ಕೆಲಸಕ್ಕೆ ಮರಳಿದರು. ನಾನು ಉಳಿದೆ. ಅತ್ತೆಯನ್ನು ಹಾಸಿಗೆಯಿಂದ ಎಬ್ಬಿಸುವುದು, ಕೂರಿಸುವುದು, ಕಬ್ಬಿಣದ ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸುವುದು. ಅತ್ತ ಮಗಳು ಫೋನಿನಲ್ಲಿ ಅಳುವುದು. ಈಗಿನ ಹಾಗೆ ಮುಖ ನೋಡಿಕೊಂಡು ಮಾತಾಡುವ ಹಾಗಿರಲಿಲ್ಲ. ಚೆನ್ನೈನಿಂದ ಸಮುದ್ರದಡಿಯಲ್ಲಿ ಕೇಬಲ್ ಎಳೆದು ದ್ವೀಪಕ್ಕೆ ಒಳ್ಳೆಯ ಇಂಟರ್‌ನೆಟ್ ಬಂದದ್ದು 2020ರ ಆಗಸ್ಟಿನಲ್ಲಿ. ನಮ್ಮ ಕಾಲದಲ್ಲಿ ಎಲ್ಲಾ ಉಪಗ್ರಹದ ಕೃಪೆ. ಮೋಡ ಮುಚ್ಚಿದರೆ ಮಗಳ ದನಿ ಬಾವಿಯೊಳಗಿಂದ ಬಂದಂತೆ. “ಅಮ್ಮ, ಜಡೆ ಹಾಕೋಕೆ ಆಂಟಿಗೆ ಬರಲ್ಲ, ಬಿಗಿಯಾಗಿ ಎಳೀತಾರೆ” ಎಂದು ಅವಳು ಅಂದ ರಾತ್ರಿ ನಾನು ಹಿತ್ತಲಿಗೆ ಹೋಗಿ ಅತ್ತು ಬಂದೆ. ನೆಂಟರೆಲ್ಲ ಹೇಳಿದ್ದು ಒಂದೇ: ನೀನು ಇಲ್ಲೇ ಇರು, ಅವನು ಅಲ್ಲಿರಲಿ, ಮಗಳನ್ನು ಕರೆಸಿಕೋ. ಅದರಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಹಾಗೇ ಎಂದುಕೊಂಡು ನಮ್ಮವರಿಗೆ ಶಾಲೆಯ ಟಿ.ಸಿ. ತೆಗೆಸಲು ಹೇಳಿದೆ.

ಅದನ್ನು ಒಳಗೆ ಮಲಗಿದ್ದ ಅತ್ತೆ ಕೇಳಿಸಿಕೊಂಡಿದ್ದಾರೆ. ಮಾರನೆಯ ಬೆಳಿಗ್ಗೆ ಕಾಫಿ ಕೊಟ್ಟಾಗ ಲೋಟ ಹಿಡಿದುಕೊಂಡೇ ಕೇಳಿದರು: “ಆ ವಿಮಾನ ಅಂದ್ಯಲ್ಲ, ಅದರಾಗೆ ಮುದುಕರನ್ನ ಹತ್ತಿಸ್ಕಂತಾರಾ?”

“ಯಾಕತ್ತೆ?”

“ಟಿ.ಸಿ. ಗೀಸಿ ಏನೂ ಬ್ಯಾಡ. ನಾನೇ ಬತ್ತೀನಿ. ಇಲ್ಲಿ ಒಬ್ಬಳೇ ಕುಂತ್ಕಂಡು ಅಟ್ಟ ನೋಡದು ಕರಿನೀರಲ್ವೇನವ್ವಾ?”

ನನಗೆ ಉತ್ತರ ಹೊಳೆಯಲಿಲ್ಲ. ಮರಗಳನ್ನು ಪಕ್ಕದ ತೋಟದವರಿಗೆ ಗುತ್ತಿಗೆ ಕೊಟ್ಟೆವು. 2014ರ ಜನವರಿಯಲ್ಲಿ, ಸಂಕ್ರಾಂತಿ ಎಳ್ಳು ಬೀರಿ, ವೈದ್ಯರ ಒಪ್ಪಿಗೆ ತೆಗೆದುಕೊಂಡು ಹೊರಟೆವು. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಂದಾಗ, “ನನ್ನ ತೇರು ಎಳೀತಾರಾ?” ಎಂದು ನಕ್ಕರು. ಕೆಳಗೆ ಬರೀ ನೀರು ಕಂಡಾಗ ಮಾತ್ರ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು, ಇಳಿಯುವವರೆಗೂ ಬಿಡಲಿಲ್ಲ.

ಆಮೇಲಿನ ಹದಿನೈದು ತಿಂಗಳು ಹೇಗೆ ಕಳೆಯಿತೋ! ಎದುರು ಮನೆಯ ಬಂಗಾಳಿ ಅಜ್ಜಿಯೊಬ್ಬರಿದ್ದರು. ಇವರಿಗೆ ಬಂಗಾಳಿ ಬಾರದು, ಅವರಿಗೆ ಕನ್ನಡ ಬಾರದು. ಮಧ್ಯಾಹ್ನ ಎರಡು ಗಂಟೆ ಮೆಟ್ಟಿಲ ಮೇಲೆ ಕೂತು ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಅವರವರ ಭಾಷೆಯಲ್ಲಿ ಅವರವರ ಸೊಸೆಯರ ಮೇಲೆ ದೂರು ಹೇಳಿಕೊಳ್ಳುತ್ತಿದ್ದರು. ಇಬ್ಬರಿಗೂ ಪೂರ್ತಿ ಅರ್ಥವಾಗುತ್ತಿತ್ತು ಅಂತ ನನಗೆ ಗ್ಯಾರಂಟಿ!

ಅತ್ತೆ ಕೇಳಿ ಕೇಳಿ ನೋಡಿದ್ದು ಸೆಲ್ಯುಲರ್ ಜೈಲನ್ನು. 1906ರಲ್ಲಿ ಕಟ್ಟಿ ಮುಗಿಸಿದ ಜೈಲು. ನಡುವೆ ಒಂದು ಗೋಪುರ, ಸುತ್ತ ಚಕ್ರದ ಅರೆಕಾಲುಗಳಂತೆ ಏಳು ಸಾಲು ಕಟ್ಟಡ ಇತ್ತು, ಈಗ ಮೂರು ಉಳಿದಿವೆ. ಒಬ್ಬ ಕೈದಿಗೆ ಒಂದು ಕೋಣೆ, ಎದುರಿನ ಸಾಲಿನವರ ಮುಖ ಕಾಣದ ಹಾಗೆ. ಅದನ್ನೆಲ್ಲ ನೋಡಿಕೊಂಡು ಕೋಲೂರಿ ನಿಧಾನ ಬಂದವರು ಅಂಗಳದ ಗಾಣದ ಮುಂದೆ ನಿಂತುಬಿಟ್ಟರು. ಕೈದಿಗಳು ದಿನಕ್ಕೆ 30 ಪೌಂಡ್, ಅಂದರೆ ಹದಿಮೂರೂವರೆ ಕೆ.ಜಿ. ಕೊಬ್ಬರಿ ಎಣ್ಣೆ ತೆಗೆಯಬೇಕಿತ್ತು, ಕಡಿಮೆಯಾದರೆ ಚಾವಟಿ ಎಂದು ನಮ್ಮವರು ಓದಿ ಹೇಳಿದರು. ಹುಟ್ಟಿದಾಗಿನಿಂದ ತೆಂಗು ಕಂಡ ಹೆಂಗಸು ಅವರು. ಮನಸ್ಸಿನಲ್ಲೇ ಲೆಕ್ಕ ಹಾಕಿ, “ಏನಿಲ್ಲಾಂದ್ರೂ ನೂರೈವತ್ತು ಕಾಯಿ ಬೇಕು” ಎಂದರು. “ನಮ್ಮೂರಲ್ಲಿ ಗಾಣಕ್ಕೆ ಕಟ್ಟಿದ ಎತ್ತನ್ನೂ ಮಧ್ಯಾಹ್ನ ಬಿಚ್ಚತಿದ್ರು.” ಗಾಣದ ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಾವಲಿನವನು ಮುಟ್ಟಬಾರದೆಂದು ಬಂದವನು, ನೋಡಿ ಸುಮ್ಮನೆ ಹೋದ.

ಅವತ್ತು ರಾತ್ರಿ ಊಟ ಮಾಡುವಾಗ ಬೂಷ್ಟಿನ ವಿಷಯ ಹೇಳಿಬಿಟ್ಟೆ. ಅಡುಗೆಮನೆಯ ಡಬ್ಬ ಕಂಡಾಗಲೇ ಅವರಿಗೆ ತಿಳಿದಿತ್ತಂತೆ!

2015ರ ಏಪ್ರಿಲ್‌ನಲ್ಲಿ ವರ್ಗವಾಗಿ ಊರಿಗೆ ಬಂದ ವಾರದಲ್ಲೇ ಬೇಲೂರಿಗೆ ಹೋದೆವು. ಹರಕೆ ಏನೆಂದು ಆಗ ಹೊರಬಿತ್ತು: ನೂರೊಂದು ತೆಂಗಿನಕಾಯಿ. ನಮ್ಮದೇ ತೋಟದ್ದನ್ನು ಚೀಲದಲ್ಲಿ ಹೊತ್ತು ತಂದಿದ್ದೆವು. ಲೆಕ್ಕ ಹಾಕಿದರೆ ನೂರಾ ಎರಡು. “ಒಂದು ನಂದು, ನಾನೂ ಹೋಗಿ ಬಂದ್ನಲ್ಲ” ಎಂದರು.

ನಮ್ಮವರು 2020ರಲ್ಲಿ ನಿವೃತ್ತರಾಗಿ ಈಗ ತೋಟ ನೋಡಿಕೊಳ್ಳುತ್ತಿದ್ದಾರೆ. ಗುರುದಾಸಪುರದಾಕೆ 2023ರ ಡಿಸೆಂಬರಿನಲ್ಲಿ, ಮಗಳನ್ನು ಬೆಂಗಳೂರಿನ ಕಾಲೇಜಿನಲ್ಲಿ ನೋಡಲು ಬಂದವಳು, ನಾಲ್ಕು ದಿನ ನಮ್ಮಲ್ಲಿದ್ದಳು. ಆ ವರ್ಷದ ಸೆಪ್ಟೆಂಬರಿನಲ್ಲೇ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದವು. ತೋರಿಸದೆ ಕಳಿಸುತ್ತೇನೆಯೇ? ಮೊದಲ ದಿನ ನಮ್ಮೂರಿನ ಶಿವಾಲಯ. ಬೇಲೂರಿಗೆ ಓಡುವವರು ಅರಸೀಕೆರೆಯಲ್ಲಿ ರೈಲು ಬದಲಾಯಿಸುತ್ತಾರೆಯೇ ಹೊರತು ಈ ಗುಡಿ ನೋಡುವುದಿಲ್ಲ, ಅದೇ ನನಗೆ ಬೇಜಾರು. ಸುಮಾರು 1220ರದ್ದು. ಮುಂದೆ ನಕ್ಷತ್ರದ ಆಕಾರದ ಮಂಟಪ, ಮೇಲೆ ಗುಂಡಗಿನ ಗೂಡು. ಅಂಥದ್ದು ಹೊಯ್ಸಳರಲ್ಲೂ ಅಪರೂಪ.

ಮಾರನೆಯ ದಿನ ಹಳೇಬೀಡು. ಚಳಿಗಾಲವಾದರೂ ಹನ್ನೊಂದರ ಮೇಲೆ ಕಲ್ಲು ಸುಡುತ್ತದೆ, ಕಾಲುಚೀಲ ಹಾಕಿಕೊಂಡು ಹೋಗಿ. ಅತ್ತೆ ಈಗ ಎಪ್ಪತ್ತು ದಾಟಿದವರು, ಕೋಲೂರಿಕೊಂಡು ಮುಂದೆ ಮುಂದೆ. ಕೆಳಗಿನ ಆನೆಯ ಸಾಲನ್ನು ತೋರಿಸಿ, ಒಂದರಂತೆ ಒಂದಿಲ್ಲ ನೋಡು ಎಂದು ಕನ್ನಡದಲ್ಲೇ ಹೇಳುತ್ತಿದ್ದಾರೆ, ಆಕೆ ಪಂಜಾಬಿಯಲ್ಲಿ ಹೌದು ಹೌದು ಎನ್ನುತ್ತಿದ್ದಾಳೆ. ದಕ್ಷಿಣದ ಬದಿಯಲ್ಲಿ ಗರುಡ ಕಂಬವೊಂದಿದೆ, ಹೆಚ್ಚಿನವರು ನೋಡದೆ ದಾಟಿಬಿಡುತ್ತಾರೆ. ಇಮ್ಮಡಿ ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮನ ನೆನಪಿನದು. ದೊರೆ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ, ಜೊತೆಯ ವೀರರು ಕೊಟ್ಟ ಮಾತಿನಂತೆ ಪ್ರಾಣ ಬಿಟ್ಟರಂತೆ. ಕತ್ತಿಯಿಂದ ತಮ್ಮ ತಲೆ ತಾವೇ ಕೊಯ್ದುಕೊಳ್ಳುವ ವೀರರನ್ನು ಕಂಬದ ಮೇಲೆ ಕೆತ್ತಿದ್ದಾರೆ. ನನಗೆ ಬಂದ ಹಿಂದಿಯಲ್ಲಿ ವಿವರಿಸಿದೆ. “ಹೆಂಡತಿಯನ್ನು ಯಾರಾದರೂ ಕೇಳಿದ್ದರೇ?” ಎಂದಳು ಆಕೆ. ಆಕೆಯ ಗಂಡ ಆಗ ಗಡಿಯಲ್ಲಿದ್ದರು. ಕಂಬದ ನೆರಳಿನಲ್ಲಿ ಇಬ್ಬರೂ ಸ್ವಲ್ಪ ಹೊತ್ತು ನಿಂತೆವು. ಆಮೇಲೆ ಆಕೆಯೇ ಫೋನು ತೆಗೆದು ಅವರಿಗೆ ಒಂದು ಫೋಟೋ ಕಳಿಸಿದಳು, ಕಂಬದ್ದಲ್ಲ, ಆನೆಗಳದ್ದು.

ಬೇಲೂರಿನಲ್ಲಿ ದರ್ಪಣ ಸುಂದರಿಯ ಮುಂದೆ ನಗು ಮರಳಿತು. ಕನ್ನಡಿ ಹಿಡಿದು ನಿಂತವಳ ಜಡೆ, ಓಲೆ ನೋಡಿ, “ಒಂಬೈನೂರು ವರ್ಷದಿಂದ ಇವಳು ರೆಡಿಯಾಗುತ್ತಲೇ ಇದ್ದಾಳೆ, ನಿನ್ನ ಮಗಳ ಹಾಗೆ” ಎಂದಳು. ಮಗಳ ಜಡೆ ಬಿಗಿಯಾಗಿ ಎಳೆದವಳು ತಾನೇ!

ಹೊರಡುವ ದಿನ ಅತ್ತೆ ಒಂದು ಗಂಟು ಕೊಟ್ಟರು. ಚಿಪ್ಪು ಸಮೇತ ಹತ್ತು ಉಂಡೆ ಕೊಬ್ಬರಿ, ಅಲ್ಲಾಡಿಸಿ ಆರಿಸಿದ್ದು. ಪಂಜಾಬಿನ ಒಣಹವೆಯಲ್ಲಿ ಬೂಷ್ಟಿನ ಭಯವಿಲ್ಲ ಎಂದು ನಾನೇ ಧೈರ್ಯ ಹೇಳಿದ್ದೆ. ಹದಿನೈದು ದಿನಕ್ಕೆ ಆಕೆಯ ಫೋನು ಬಂತು, ನಗು ತಡೆಯಲಾಗದೆ ಮಾತೇ ಹೊರಡದು. ಅವಳ ಅತ್ತೆ ಒಂದನ್ನು ಒಡೆದು ನೋಡಿ, ನೀರೇ ಇಲ್ಲ, ಕಾಯಿ ಕೆಟ್ಟುಹೋಗಿದೆ ಎಂದು ಹತ್ತನ್ನೂ ಎಮ್ಮೆಗೆ ಹಾಕಿಬಿಟ್ಟರಂತೆ!

ನಮ್ಮತ್ತೆ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ನಮ್ಮವರನ್ನು ಅಟ್ಟಕ್ಕೆ ಹತ್ತಿಸಿ, ಕೆಳಗೆ ಏಣಿ ಹಿಡಿದು ನಿಂತು ಇನ್ನೂ ಹತ್ತು ಆರಿಸಿದರು. ಈ ಸಲ ಚಿಪ್ಪು ಬಿಡಿಸಿ, ಹೋಳು ಮಾಡಿ ಕಳಿಸಿದ್ದೇವೆ.